ಮುತ್ತು ಹಾಕಿದ ಅರ್ಜಿ

ಮುತ್ತು ಪಾಲಿಕೆಯ ಯಾವ ಹುದ್ದೆಗೆ ಅರ್ಜಿ ಹಾಕಿದ್ದಾಳೆಂದು ತಿಳಿದಾಗ ಮನೆಯಲ್ಲಿ ಮೊದಲು ನಕ್ಕವಳು ಅತ್ತಿಗೆ. ಕುಹಕದ ನಗುವೇನಲ್ಲ, ಒಲೆಯ ಮುಂದೆ ನಿಂತವಳಿಗೆ ಸುದ್ದಿ ಅಷ್ಟು ಅನಿರೀಕ್ಷಿತವಾಗಿತ್ತು. ಸೌಟನ್ನು ಪಾತ್ರೆಯಲ್ಲೇ ಬಿಟ್ಟು, "ದೂರು ವಿಭಾಗಕ್ಕಾ? ಫೋನ್ ಎತ್ತೋ ಕೆಲಸಕ್ಕಾ? ನೀನಾ?" ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಅಣ್ಣ ನಗಲಿಲ್ಲ. ತಟ್ಟೆಯಿಂದ ತಲೆ ಎತ್ತಿ ತಂಗಿಯ ಮುಖ ನೋಡಿದ. ತಮಾಷೆಯಲ್ಲ ಎಂದು ಖಾತ್ರಿಯಾದ ಮೇಲೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ ಕೈ ತೊಳೆಯಲು ಎದ್ದ.

ಒಬ್ಬರು ನಗುವಂಥದ್ದು, ಇನ್ನೊಬ್ಬರು ಊಟ ಬಿಡುವಂಥದ್ದು ಅದರಲ್ಲೇನಿತ್ತೆಂದರೆ, ಮುತ್ತುವಿಗೆ ತೊದಲಿತ್ತು. ಆಗೊಮ್ಮೆ ಈಗೊಮ್ಮೆ ಎಡವುವ ತೊದಲಲ್ಲ. ತುಟಿ ಮುಚ್ಚಿ ತೆರೆಯಬೇಕಾದ ಅಕ್ಷರ ಬಂದರೆ ತುಟಿ ಒಳಗಿನಿಂದ ಚಿಲಕ ಹಾಕಿದ ಬಾಗಿಲಿನಂತಾಗುತ್ತಿತ್ತು. 'ಕ' ಬಂದರೆ ಗಂಟಲು ಕಟ್ಟುತ್ತಿತ್ತು. ಕಣ್ಣು ತಾನಾಗಿ ಮುಚ್ಚಿಕೊಂಡು, ಕತ್ತಿನ ನರ ಉಬ್ಬಿ, ಕೊನೆಗೊಮ್ಮೆ ಆ ಪದ ಹೊರಗೆ ಬೀಳುವಷ್ಟರಲ್ಲಿ ಎದುರಿಗಿದ್ದವರು ಬೇರೆ ಕಡೆ ನೋಡುತ್ತಿರುತ್ತಿದ್ದರು. ಈ ಕಥೆಯಲ್ಲಿ ಅವಳ ಮಾತುಗಳನ್ನು ಬಹುಪಾಲು ಇಡಿಯಾಗಿಯೇ ಬರೆದಿದೆ. ಪ್ರತಿಯೊಂದಕ್ಕೂ ಅದರದೇ ಆದ ಸಮಯ ಹಿಡಿಯಿತೆಂದು ಓದುವವರು ತಿಳಿದುಕೊಳ್ಳಬೇಕು.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಶಾಲೆಯಲ್ಲಿ ಪಾಠ ಓದಲು ನಿಂತವಳು ಬಾಯಿ ತೆರೆಯದಿದ್ದಾಗ ಮೇಷ್ಟರು, "ಏನಮ್ಮಾ, ಮಾತಾಡಿದ್ರೆ ಮುತ್ತು ಉದುರುತ್ತಾ?" ಎಂದರು. ತರಗತಿಯೆಲ್ಲ ನಕ್ಕಿತು, ಹೆಸರು ಅಂಟಿಕೊಂಡಿತು. ಅಳುತ್ತ ಮನೆಗೆ ಬಂದವಳನ್ನು ಅಪ್ಪ ಎದುರಿಗೆ ಕೂರಿಸಿಕೊಂಡು, "ಹೌದು, ನನ್ನ ಮಗಳ ಬಾಯಿಂದ ಮುತ್ತೇ ಉದುರೋದು. ಕಾದು ಆರಿಸ್ಕೊಳ್ಳೋ ತಾಳ್ಮೆ ಅವರಿಗಿಲ್ಲ" ಎಂದು ಆ ಹೆಸರನ್ನೇ ಮನೆಯೊಳಗೂ ಕರೆದುಕೊಂಡರು. ಅಪ್ಪ ಹೋಗಿ ಬಹಳ ಕಾಲವಾಗಿತ್ತು. ಹೆಸರು ಉಳಿದಿತ್ತು. ಅದನ್ನು ಎಲ್ಲರೂ ಸಲೀಸಾಗಿ ಕರೆಯುತ್ತಿದ್ದರು, ಹೇಳಲು ಒದ್ದಾಡುತ್ತಿದ್ದವಳು ಅವಳೊಬ್ಬಳೇ.

ಅಪ್ಪನ ನಂತರ ಅವಳ ಬಾಯಿ ಅಣ್ಣನದಾಯಿತು. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಅವಳ ತುಟಿ ಅಂಟಿದ ಕೂಡಲೇ ಮುಂದಿನ ಪದ ಅವನ ಬಾಯಿಂದ ಬರುತ್ತಿತ್ತು. ಹೆಚ್ಚಿನ ಸಲ ಸರಿಯಾದ ಪದವೇ ಬರುತ್ತಿತ್ತು. ತಪ್ಪು ಪದ ಬಂದಾಗ ಅವಳು ತಲೆಯಾಡಿಸಿ ಅದನ್ನೇ ತನ್ನದಾಗಿ ಮಾಡಿಕೊಳ್ಳುತ್ತಿದ್ದಳು. ಹೀಗೆ ಒಪ್ಪಿಕೊಳ್ಳುವುದು ಅಭ್ಯಾಸವಾಗಿಹೋಗಿತ್ತು. ಹೋಟೆಲಿನಲ್ಲಿ ಕಾಫಿ ಕುಡಿಯಬೇಕೆನಿಸಿದರೂ ಟೀ ಎನ್ನುತ್ತಿದ್ದಳು. ಬಟ್ಟೆ ಅಂಗಡಿಯಲ್ಲಿ ಕೆಂಪು ಕಣ್ಣಿಗೆ ಬಿದ್ದರೂ ನಾಲಿಗೆಗೆ ಸಿಕ್ಕುತ್ತಿದ್ದದ್ದು ಹಸಿರು. ಅವಳ ಪೆಟ್ಟಿಗೆಯ ತುಂಬ ಹಸಿರು ಬಟ್ಟೆ. ಮೂವತ್ತು ದಾಟಿದ ಹೆಂಗಸು ತನಗೆ ಬೇಕಾದ್ದನ್ನು ಬಿಟ್ಟು ತನ್ನ ಬಾಯಿಗೆ ಬಂದದ್ದರಲ್ಲೇ ಬದುಕು ಸಾಗಿಸುತ್ತಿದ್ದಳು.

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಕೊಡಿಸಿದ್ದೂ ಅಣ್ಣನೇ. ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸಬೇಕು. ಚಕ್ರ ಗುಂಯ್‌ಗುಡುತ್ತಿತ್ತು, ಗಾಜಿನ ಪುಡಿ ಬೆರೆತ ನೀರು ಬೆರಳ ಸಂದಿಯಲ್ಲಿ ಬೆಳ್ಳಗೆ ಒಣಗುತ್ತಿತ್ತು. ಮುಂದಿನ ಕೋಣೆಗೂ ಅವಳಿಗೂ ನಡುವೆ ಒಂದು ದಪ್ಪ ಪರದೆ. ಗಿರಾಕಿಗಳು ಬಂದಾಗ ಯಜಮಾನರು ಅದನ್ನು ಇನ್ನೊಂದಿಷ್ಟು ಎಳೆದು ಸರಿಮಾಡುತ್ತಿದ್ದರು.

ಇಂಥವಳು ಫೋನಿನ ಹುದ್ದೆಗೆ ಅರ್ಜಿ ಹಾಕಲು ಕಾರಣವಾದದ್ದು ಒಂದು ಮಧ್ಯಾಹ್ನ ಉಕ್ಕಿದ ಚರಂಡಿ. ಅಮ್ಮ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದ ದಿನಗಳು. ಅಣ್ಣ ಅತ್ತಿಗೆ ಇಬ್ಬರೂ ಮನೆಯಲ್ಲಿರಲಿಲ್ಲ. ಬೀದಿಯ ಚರಂಡಿ ಎಲ್ಲೋ ಕಟ್ಟಿಕೊಂಡು, ಬಚ್ಚಲಿನ ತೂತಿನಿಂದ ಕಪ್ಪು ನೀರು ಗುಳುಗುಳು ಎನ್ನುತ್ತ ಒಳಗೇ ಬರತೊಡಗಿತು. ಮುತ್ತು ಪಾಲಿಕೆಯ ದೂರಿನ ನಂಬರಿಗೆ ಫೋನ್ ಮಾಡಿದಳು. ಮೊದಲು ಬಹಳ ಹೊತ್ತು ಸಂಗೀತ ಬಂತು. ಆಮೇಲೆ ಒಂದು ಹೆಂಗಸಿನ ದನಿ, "ನಮಸ್ಕಾರ, ಪಾಲಿಕೆ ದೂರು ವಿಭಾಗ, ಹೇಳಿ" ಎಂದಿತು. ಹೇಳಬೇಕಾದದ್ದು 'ಕೊಳಚೆ' ಎಂಬ ಪದ. ಗಂಟಲು ಕಟ್ಟಿತು.

"ಹಲೋ? ಯಾರ್ರೀ ಅದು? ಉಸಿರು ಬಿಡೋಕೆ ಫೋನ್ ಮಾಡ್ತೀರಾ?" ಎಂದ ಆ ದನಿ ಲೈನ್ ಕತ್ತರಿಸಿತು.

ಮತ್ತೆ ಮಾಡಿದಳು. ಮತ್ತೆ ಸಂಗೀತ, ಅದೇ ದನಿ, ಈ ಸಲ ಇನ್ನೂ ಬೇಗ ಕತ್ತರಿಸಿತು. ಅಷ್ಟರಲ್ಲಿ ನೀರು ಹೊಸ್ತಿಲು ದಾಟಿ ಅಮ್ಮನ ಮಂಚದ ಕಾಲಿಗೆ ಬಂದಿತ್ತು. ಕೊನೆಗೆ ಅಣ್ಣನಿಗೆ ಫೋನ್ ಮಾಡಿದಳು. ಅವನಿಗೆ ಅವಳ ಮೌನವೇ ಸಾಕು. "ಮುತ್ತು? ಅಮ್ಮಂಗೇನಾದ್ರೂ ಆಯ್ತಾ? ನೀರಾ?" ಎಂದು ಕೇಳಿ ವಿಷಯ ತಿಳಿದುಕೊಂಡು, ತಾನೇ ಎರಡು ಕಡೆ ಮಾತಾಡಿದ. ಪಾಲಿಕೆಯ ಸಾಹೇಬರೊಬ್ಬರ ಕಾರು ಓಡಿಸುವವನು ಅವನು. ಅವನ ಮಾತಿಗೆ ಬೆಲೆಯಿತ್ತು, ಚರಂಡಿ ಬಿಡಿಸುವ ಗಾಡಿ ಬೇಗ ಬಂತು.

ಸಂಜೆ ಬಂದವರೆಲ್ಲ ಅಣ್ಣನನ್ನು ಹೊಗಳಿದರು. ಮುತ್ತು ನೆಲ ಉಜ್ಜುತ್ತಿದ್ದಳು. ಅವಳ ತಲೆಯಲ್ಲಿ ಸುತ್ತುತ್ತಿದ್ದದ್ದು ಫೋನಿನ ಆ ಹೆಂಗಸು. ಎಷ್ಟು ಹೊತ್ತು ಕಾದಿದ್ದಾಳು? ಒಂದು ಆಕಳಿಕೆಯಷ್ಟು. ಇನ್ನೊಂದು ಆಕಳಿಕೆಯಷ್ಟು ಕಾದಿದ್ದರೆ ಪದ ಬರುತ್ತಿತ್ತು. ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ಕಾಯುತ್ತಿದ್ದೆ ಎಂದುಕೊಂಡಳು. ಅಂದುಕೊಂಡದ್ದನ್ನು ಅಲ್ಲಿಗೇ ಬಿಡಲಿಲ್ಲ. ಕೆಲವು ತಿಂಗಳ ಮೇಲೆ ದೂರು ವಿಭಾಗಕ್ಕೆ ಜನ ಬೇಕೆಂಬ ಪ್ರಕಟಣೆ ಕಂಡಾಗ, ಯಾರನ್ನೂ ಕೇಳದೆ ಅರ್ಜಿ ಹಾಕಿದಳು.

ಕೈ ತೊಳೆದು ಬಂದ ಅಣ್ಣ ಬಾಗಿಲಿಗೊರಗಿ ನಿಂತು, ಮಗುವಿಗೆ ಹೇಳುವ ಹಾಗೆ ಹೇಳಿದ. "ಪಾಲಿಕೆ ಕೆಲಸ ಬೇಕಿದ್ರೆ ನನ್ನನ್ನ ಕೇಳಬಾರದಿತ್ತಾ? ಕಡತದ ಕೋಣೇಲೂ ಒಂದು ಜಾಗ ಖಾಲಿ ಇದೆ. ಸಾಹೇಬ್ರ ಕಿವಿಗೆ ಹಾಕಿದ್ರೆ ಆಗುತ್ತೆ. ಕಡತ ತೆಗಿ, ಧೂಳು ಒರೆಸು, ವಾಪಸ್ ಇಡು. ದಿನವೆಲ್ಲ ಒಂದು ಮಾತೂ ಆಡಬೇಕಾಗಿಲ್ಲ."

"ಅದಕ್ಕೇ ಬೇಡ," ಎಂದಳು ಮುತ್ತು.

ಮಂಚದ ಮೇಲಿಂದ ಅಮ್ಮ, "ಹತ್ತು ಜನರ ಮುಂದೆ ನಗೆಪಾಟಲಾಗ್ತೀಯ ಕಣೇ," ಎಂದರು.

"ಆಗ್ಲಿ ಬಿಡಮ್ಮ. ನಕ್ಕರೆ ಅವರ ಹಲ್ಲೇ ಕಾಣೋದು."

ಅಣ್ಣ ಮತ್ತೇನೋ ಹೇಳಲು ಬಾಯಿ ತೆರೆದವನು ಅತ್ತಿಗೆಯ ಕಡೆ ತಿರುಗಿ, "ನೀನಾದ್ರೂ ಬುದ್ಧಿ ಹೇಳು" ಎಂದು ಹೊರಟುಹೋದ. ಅತ್ತಿಗೆ ಬುದ್ಧಿ ಹೇಳಲಿಲ್ಲ. ಅರಳು ಹುರಿದಂತೆ ಮಾತಾಡುವ ಹೆಂಗಸು ಅವಳು. ಬೀದಿಯ ಯಾವ ಜಗಳವೂ ಅವಳಿಲ್ಲದೆ ಮುಗಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಸೌಟು ಆಡಿಸಿ, "ಆ ಕಡೆಯಿಂದ ಜನ ಹೇಗೆ ಬೈತಾರೆ ಅಂತ ಗೊತ್ತಾ ನಿನಗೆ?" ಎಂದಳು. ಮುತ್ತು ಇಲ್ಲವೆಂದು ತಲೆಯಾಡಿಸಿದಳು. "ಬಾ, ತೋರಿಸ್ತೀನಿ."

ಮರುದಿನದಿಂದ ಮನೆಯಲ್ಲೇ ತಾಲೀಮು ಶುರುವಾಯಿತು. ಅತ್ತಿಗೆ ಅಡುಗೆಮನೆಯಿಂದ, ಮುತ್ತು ನಡುಮನೆಯಿಂದ ಫೋನಿನಲ್ಲಿ. "ಏನ್ರೀ, ನಮ್ಮ ಬೀದಿ ದೀಪ ಸತ್ತು ಸೂತಕ ಕಳೀತು, ನೀವಿನ್ನೂ ಬಂದಿಲ್ಲ," ಎಂದು ಅತ್ತಿಗೆ ಗದರುತ್ತಿದ್ದಳು. ಕಸದ ಗಾಡಿ, ಪಕ್ಕದ ಮನೆಯವರ ನಾಯಿ, ಎದುರು ಮನೆಯವರು ರಸ್ತೆಗೆ ಚಾಚಿದ ಮೆಟ್ಟಿಲು, ಮನಸ್ಸಿನಲ್ಲಿದ್ದ ಹಳೆಯ ಸಿಟ್ಟೆಲ್ಲ ದೂರಾಗಿ ಬಂತು. ಮುತ್ತುವಿಗೆ ಪದ ಕಟ್ಟಿದಾಗ ಪೂರ್ತಿಮಾಡಲು ಅತ್ತಿಗೆಯ ನಾಲಿಗೆ ತುರಿಸುತ್ತಿತ್ತು. ಮೊದಮೊದಲು ತಡೆಯಲಾಗದೆ ಅಂದೇಬಿಡುತ್ತಿದ್ದಳು. ಆಗೆಲ್ಲ ಮುತ್ತು ಫೋನ್ ಇಟ್ಟು ಅಡುಗೆಮನೆಗೆ ಬಂದು, "ಅತ್ತಿಗೆ, ನೀವು ದೂರು ಕೊಡೋರು, ತಗೊಳ್ಳೋರಲ್ಲ," ಎಂದು ಹೇಳಿ ಹೋಗುತ್ತಿದ್ದಳು.

ಆ ದಿನಗಳಲ್ಲೇ ಅವಳು ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡಳು. ಇನ್ನು ಪದ ಬದಲಿಸುವುದಿಲ್ಲ. ಯಾವುದು ಬೇಕೋ ಅದನ್ನೇ ಹೇಳುವುದು, ಬರುವವರೆಗೂ ನಿಲ್ಲುವುದು. ಮೊದಲು ಹೋಟೆಲಿಗೆ ಹೋಗಿ ಕಾಫಿ ಕೇಳಿದಳು. ಹೋಟೆಲಿನವನು ಆ ಪದ ಬರುವ ಮೊದಲೇ ಟೀ ತಂದಿಟ್ಟ. ಅವಳು ಲೋಟವನ್ನು ಅವನ ಕಡೆ ದೂಡಿ, ಕಣ್ಣು ತೆರೆದುಕೊಂಡೇ ಪದವನ್ನು ಮುಗಿಸಿದಳು. ಕಾಫಿ ಬಂತು. ಹೇಳಿಕೊಳ್ಳುವಷ್ಟು ಚೆನ್ನಾಗೇನೂ ಇರಲಿಲ್ಲ. ಆದರೂ ಪೂರ್ತಿ ಕುಡಿದಳು.

ಪಾಲಿಕೆಯ ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿ ಪರೀಕ್ಷೆ ನಡೆಯಿತು. ಬಂದವರೆಲ್ಲ ಗೋಡೆಗೆ ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಕೂತು ತುಟಿ ಅಲುಗಿಸುತ್ತ ಒಪ್ಪಿಸಿಕೊಳ್ಳುತ್ತಿದ್ದರು. ಒಬ್ಬೊಬ್ಬರನ್ನೇ ಒಂದು ಸಣ್ಣ ಕೋಣೆಗೆ ಕರೆದು, ಫೋನಿನ ಮುಂದೆ ಕೂರಿಸಿ, ಪಕ್ಕದ ಕೋಣೆಯಿಂದ ದೂರುದಾರರಂತೆ ಮಾತಾಡಿ ನೋಡುತ್ತಿದ್ದರು. ಮಾತಾಡುತ್ತಿದ್ದದ್ದು ದೂರು ವಿಭಾಗದ ಮೇಲ್ವಿಚಾರಕಿ. ಕೂದಲು ನರೆತ, ದನಿ ಒಡೆದ ಹೆಂಗಸು.

ಫೋನ್ ಹೊಡೆದುಕೊಂಡಿತು. ಮುತ್ತು ಎತ್ತಿದಳು. "ನಮಸ್ಕಾರ" ಸಲೀಸಾಗಿ ಬಂತು. ಮುಂದಿನದು 'ಪಾಲಿಕೆ'. ತುಟಿ ಅಂಟಿತು.

"ಹಲೋ? ಲೈನಲ್ಲಿ ಇದ್ದೀರಾ?"

"ಇದ್ದೀನಿ," ಎಂದಳು ಮುತ್ತು. "ನನಗೆ ತೊದಲಿದೆ. ಹೇಳೋದನ್ನ ಪೂರ್ತಿ ಹೇಳ್ತೀನಿ, ನೀವು ಹೇಳೋದನ್ನೂ ಪೂರ್ತಿ ಕೇಳ್ತೀನಿ. ಪಾಲಿಕೆ ದೂರು ವಿಭಾಗ. ಈಗ ಹೇಳಿ."

ಆ ಕಡೆ ಕಾಗದ ಮಗುಚಿದ ಸದ್ದಾಯಿತು. ಆಮೇಲೆ ದೂರು ಬಂತು. ಮುತ್ತು ಬರೆದುಕೊಂಡು, ಓದಿ ಹೇಳಿ, ಸರಿಯಾ ಎಂದು ಕೇಳಿದಳು. ಅವಳು ಹೊರಗೆ ಬರುವಷ್ಟರಲ್ಲಿ ಮುಂದಿನ ಸರದಿಯವನು ಬಾಗಿಲಲ್ಲಿ ಕಾದು ಕಾದು ಗೋಡೆಯ ಸುಣ್ಣ ಕೆರೆಯುತ್ತಿದ್ದ.

ಸಂದರ್ಶನಕ್ಕೆ ಮೇಜಿನ ಹಿಂದೆ ಕೂತಿದ್ದವರಲ್ಲಿ ನಡುವಿನವರು ಅಣ್ಣನ ಸಾಹೇಬರು. ಪಕ್ಕದಲ್ಲಿ ಮೇಲ್ವಿಚಾರಕಿ. ಸಾಹೇಬರು ಅವಳ ಗುರುತು ಹಿಡಿದು ಪ್ರೀತಿಯಿಂದಲೇ ನಕ್ಕರು. ಕೆಟ್ಟವರಲ್ಲ, ಸದಾ ಅವಸರದವರು.

"ಹೇಳಮ್ಮಾ, ಈ ಕೆಲಸವೇ ಯಾಕೆ ಬೇಕು?"

"ಒಂದ್ಸಲ ನಾನು ಇಲ್ಲಿಗೆ ಫೋನ್ ಮಾಡಿದಾಗ, ಈ ಕಡೆಯವರು ಲೈನ್ ಕ..."

"ಕೊಡಲಿಲ್ಲ," ಎಂದರು ಸಾಹೇಬರು.

ಮುತ್ತು ನಿಲ್ಲಿಸಿದಳು. ಉಸಿರೆಳೆದುಕೊಂಡು ಮತ್ತೆ ಮೊದಲಿನಿಂದ ಹಿಡಿದಳು. "ಒಂದ್ಸಲ ನಾನು ಇಲ್ಲಿಗೆ ಫೋನ್ ಮಾಡಿದಾಗ, ಈ ಕಡೆಯವರು ಲೈನ್ ಕ..."

"ಕೆಟ್ಟಿದೆ ಅಂದ್ರಾ?"

ಮುತ್ತು ಮತ್ತೆ ನಿಲ್ಲಿಸಿದಳು. 'ತುಂಡು ಮಾಡಿದರು' ಎಂದು ಜಾರಿಸಿಬಿಡಬಹುದಿತ್ತು. ಇಷ್ಟು ವರ್ಷ ಹಾಗೆಯೇ ಜಾರಿಸಿದ್ದಳು. ಮೇಜಿನ ಅಂಚು ಹಿಡಿದುಕೊಂಡು, "ಸಾರ್, ನೀವು ಮಧ್ಯ ಬಂದಾಗೆಲ್ಲ ನಾನು ಮೊದಲಿಂದ ಶುರು ಮಾಡ್ತೀನಿ. ಸುಮ್ಮನಿದ್ರೆ ಬೇಗ ಮುಗಿಯುತ್ತೆ," ಎಂದಳು.

ಸಾಹೇಬರ ಹುಬ್ಬು ಮೇಲೆ ಹೋಯಿತು. ಮೇಲ್ವಿಚಾರಕಿ ಕೆಮ್ಮು ಬಂದವಳಂತೆ ಬಾಯಿಗೆ ಕೈ ಹಿಡಿದುಕೊಂಡಳು. ಮುತ್ತು ಮೂರನೇ ಬಾರಿ ಮೊದಲಿನಿಂದ ಹೊರಟು, 'ಕಟ್' ಎಂಬಲ್ಲಿ ಬಂದು ನಿಂತು, ನಿಂತೇ ಇದ್ದು, ಕೊನೆಗೆ ಅದನ್ನು ದಾಟಿದಳು. "ಲೈನ್ ಕಟ್ ಮಾಡಿದ್ರು. ನಮ್ಮನೆ ಒಳಗೆ ಕೊಳಚೆ ಬರ್ತಾ ಇತ್ತು. ನಾನು ಈ ಕುರ್ಚೀಲಿದ್ರೆ ಕಟ್ ಮಾಡಲ್ಲ. ಅದಕ್ಕೇ ಬೇಕು."

ಕೆಲವು ವಾರಗಳ ಮೇಲೆ ಅಣ್ಣ ನೇಮಕದ ಆದೇಶವನ್ನು ತಾನೇ ಕೈಯಲ್ಲಿ ಹಿಡಿದುಕೊಂಡು ಬಂದ. ಮುಖ ಅರಳಿತ್ತು. ಬಾಗಿಲಲ್ಲೇ, "ಅಮ್ಮಾ, ನಿನ್ನ ಮಗಳು ಪಾಲಿಕೆ ನೌಕರಳು," ಎಂದ. ಅಮ್ಮ ದೇವರೇ ಎಂದು ಕೈ ಮುಗಿದರು. ಮುತ್ತು ಓದಿದಳು. ಕಡತ ಸಹಾಯಕಿ ಎಂದಿತ್ತು.

"ನಾನು ಇದಕ್ಕೆ ಅರ್ಜಿ ಹಾಕಿರಲಿಲ್ಲ."

"ಅದೂ ಪಾಲಿಕೆ, ಇದೂ ಪಾಲಿಕೆ. ಸಾಹೇಬ್ರು ನನ್ನ ಮುಖ ನೋಡಿ ಮಾಡಿಕೊಟ್ಟಿದ್ದಾರೆ. ಮನೆ ಬಾಗಿಲಿಗೆ ಬಂದ ಭಾಗ್ಯಾನ ಕಾಲಲ್ಲಿ ಒದೀಬೇಡ."

"ನಾನು ಹೋಗಲ್ಲ."

ಅಣ್ಣನ ದನಿ ಏರಿತು. "ಹೋಗಲ್ಲ ಅಂದ್ರೆ? ನಾಳೆ ನಾನು ಯಾವ ಮುಖ ಇಟ್ಕೊಂಡು ಅವರ ಕಾರಿನ ಬಾಗಿಲು ತೆಗೀಲಿ? ನಿನಗೋಸ್ಕರ ನಾನು ಎಷ್ಟು ಕಡೆ, ಎಷ್ಟು ಜನರ ಹತ್ರ ಮಾತಾಡಿದ್ದೀನಿ, ಏನಾದ್ರೂ ಅರಿವಿದೆಯಾ?"

"ಇದೆ," ಎಂದಳು ಮುತ್ತು. ಮುಂದಿನದು ಬರಲು ಬಹಳ ಹೊತ್ತು ಹಿಡಿಯಿತು. ಅಣ್ಣ ಅಷ್ಟು ಸಿಟ್ಟಿನಲ್ಲೂ ರೂಢಿಯಂತೆ ಬಾಯಿ ತೆರೆದ. ಅವಳು ಕೈ ಅಡ್ಡ ಹಿಡಿದಳು. "ಅಪ್ಪ ಹೋದಾಗಿಂದ ನೀನೇ ಮಾತಾಡಿದ್ದೀಯ. ನೀನಿಲ್ದಿದ್ರೆ ನಾನು ಎಲ್ಲೋ ಬಿದ್ದಿರ್ತಿದ್ದೆ. ಆದ್ರೆ ಅಣ್ಣ, ಇನ್ನು ಸಾಕು."

ಸಾಕು ಎಂಬ ಪದ ಅವನಿಗೆ ಹೊಡೆತದಂತೆ ಬಿತ್ತು. ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ. ಒಳಗಿನಿಂದ ಅವನ ಬೆನ್ನು ಕಾಣುತ್ತಿತ್ತು. ಮುತ್ತುವಿಗೆ ಹೋಗಿ ಪಕ್ಕದಲ್ಲಿ ಕೂರಬೇಕೆನಿಸಿತು. ಕೂತರೆ ಕರಗಿಬಿಡುತ್ತೇನೆಂದು ಹೆದರಿ, ನೀರು ತುಂಬುವ ನೆಪದಲ್ಲಿ ಹಿತ್ತಿಲಿಗೆ ಹೋದಳು.

ಮರುದಿನ ಬೆಳಿಗ್ಗೆ ಅಂಗಡಿಗೆ ರಜೆ ಹೇಳಿ ಪಾಲಿಕೆಗೆ ಹೋದಳು. ಸಾಹೇಬರು ಸಾರ್ವಜನಿಕರನ್ನು ನೋಡುವ ಹೊತ್ತು. ಸಾಲಿನಲ್ಲಿ ನಿಂತಳು. ಕೆಳಗೆ ಕಾರು ಒರೆಸುತ್ತಿದ್ದ ಅಣ್ಣ ಅವಳು ಮೆಟ್ಟಿಲೇರುವುದನ್ನು ನೋಡಿದ. ಬಟ್ಟೆಯನ್ನು ಕಾರಿನ ಮೇಲೇ ಬಿಟ್ಟು ಹಿಂದೆಯೇ ಬಂದ. ಅವನಿಗೇನು ಮಾಡಬೇಕೆಂದು ತೋಚಿರಲಿಲ್ಲ. ಅವಳನ್ನು ತಡೆಯಬೇಕೋ, ಸಾಹೇಬರನ್ನು ಸಮಾಧಾನ ಮಾಡಬೇಕೋ ತಿಳಿಯದೆ ಬಾಗಿಲ ಪಕ್ಕದಲ್ಲಿ ನಿಂತ.

ಮುತ್ತು ಆದೇಶವನ್ನು ಮೇಜಿನ ಮೇಲಿಟ್ಟಳು. "ಸಾರ್, ಇದು ನಾನು ಕೇಳಿದ ಕೆಲಸ ಅಲ್ಲ."

ಸಾಹೇಬರು ನಿಟ್ಟುಸಿರು ಬಿಟ್ಟರು. "ನೋಡಮ್ಮಾ, ನಿನ್ನ ಪರೀಕ್ಷೆ ಚೆನ್ನಾಗೇ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ಫೋನ್ ಮಾಡೋ ಜನ ಕಾಯಲ್ಲ. ಸಿಟ್ಟಲ್ಲಿರ್ತಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಕಾಯ್ತಾರೆ ಸಾರ್."

"ಯಾರು ಕಾಯ್ತಾರೆ?"

"ನಿಮ್ಮ ನಂಬರಿಗೆ ಫೋನ್ ಮಾಡಿದ್ರೆ ಮೊದಲು ಸಂಗೀತ ಹಾಕ್ತೀರಿ. ಅದು ಎಷ್ಟು ಹೊತ್ತು ಬರುತ್ತೆ ಗೊತ್ತಾ? ಅಷ್ಟು ಹೊತ್ತು ಜನ ಕಾಯ್ತಾರೆ. ಪೀಪಿ ಸಂಗೀತಕ್ಕೆ ಕಾಯೋರು ಮನುಷ್ಯರ ಮಾತಿಗೆ ಕಾಯಲ್ವಾ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಿಂದಿದ್ದ ಮುದುಕರೊಬ್ಬರು, "ಹೌದು ಸ್ವಾಮಿ, ಅದನ್ನ ಕೇಳಿ ಕೇಳಿ ನನಗೆ ರಾಗ ಬಾಯಿಪಾಠ ಆಗಿದೆ," ಎಂದರು. ಸಾಹೇಬರ ಮುಖ ಕೆಂಪೇರಿತು. ಮುತ್ತು ಮುಂದಿನ ಮಾತಿಗೆ ಬಾಯಿ ತೆರೆದಳು, ತುಟಿ ಅಂಟಿತು, ಕಣ್ಣು ಮುಚ್ಚಿತು. ಕೋಣೆ ಕಾಯುತ್ತಿತ್ತು. ಸಾಹೇಬರಿಗೆ ತಡೆಯಲಾಗಲಿಲ್ಲ. ಬಾಗಿಲ ಕಡೆ ನೋಡಿ, "ಏನಪ್ಪಾ, ಏನು ಹೇಳ್ತಿದ್ದಾಳೆ ನಿನ್ನ ತಂಗಿ? ನೀನಾದ್ರೂ ಬಿಡಿಸಿ ಹೇಳು," ಎಂದರು.

ಎಲ್ಲರೂ ತಿರುಗಿ ನೋಡಿದರು. ಅಣ್ಣನಿಗೆ ಅವಳ ಮುಂದಿನ ಪದ ಗೊತ್ತಿತ್ತು. ಆ ಪದದ ಮುಂದಿನದೂ ಗೊತ್ತಿತ್ತು. ಜೀವಮಾನವೆಲ್ಲ ಮಾಡಿದ ಕೆಲಸ. ಕೇಳುತ್ತಿದ್ದವರು ಅನ್ನ ಕೊಡುವ ಸಾಹೇಬರು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅವಳೇ ಹೇಳ್ತಾಳೆ ಸಾರ್," ಎಂದ. "ಸ್ವಲ್ಪ ಕಾಯಿರಿ."

ಮುತ್ತು ಕಣ್ಣು ತೆರೆದಳು. ಅವನ ಕಡೆ ನೋಡಲಿಲ್ಲ. ನೋಡಿದರೆ ಅಳು ಬಂದು, ಕಷ್ಟಪಟ್ಟು ತುಟಿಯವರೆಗೆ ತಂದ ಮಾತು ವಾಪಸ್ ಹೋಗುತ್ತಿತ್ತು. "ಬಾಯಿ ತೊದಲೋರು ಈ ಕೆಲಸಕ್ಕೆ ಬೇಡ ಅಂತ ನಿಯಮ ಇದ್ರೆ ತೋರಿಸಿ, ಹೋಗ್ತೀನಿ. ಇಲ್ಲಾಂದ್ರೆ ನಾನು ಗೆದ್ದಿರೋ ಕೆಲಸ ನನಗೆ ಕೊಡಿ. ಅಣ್ಣನ ಮುಖ ನೋಡಿ ಕೊಟ್ಟಿದ್ದು ಬೇಡ."

ನಿಯಮ ಇರಲಿಲ್ಲ. ಸಾಹೇಬರು ಮೇಲ್ವಿಚಾರಕಿಯನ್ನು ಕರೆಸಿದರು. ಆಕೆ ಬಂದು, ಮುತ್ತುವನ್ನು ಮೇಲಿಂದ ಕೆಳಗೆ ನೋಡಿ, ತನ್ನ ಒಡೆದ ದನಿಯಲ್ಲಿ, "ಕೂರಿಸಿ ನೋಡೋಣ ಸಾರ್. ಪಟಪಟ ಮಾತಾಡೋರು ನನ್ನ ಹತ್ರ ಬೇಕಾದಷ್ಟಿದ್ದಾರೆ, ಕೇಳಿಸ್ಕೊಳ್ಳೋರು ಕಮ್ಮಿ," ಎಂದಳು.

ಸಾಹೇಬರು ಸೋತರೂ ಮೀಸೆ ಮಣ್ಣು ಮಾಡಿಕೊಳ್ಳಲಿಲ್ಲ. "ಸರಿ. ಆದ್ರೆ ಇವಳ ಮೇಲೆ ಒಂದೇ ಒಂದು ದೂರು ಬಂದ್ರೂ ಸೀದಾ ಕಡತದ ಕೋಣೆ. ಒಪ್ಪಿಗೆನಾ?"

"ಒಪ್ಪಿಗೆ," ಎಂದಳು ಮುತ್ತು. ಆ ಪದ ಮಾತ್ರ ಎಲ್ಲೂ ಎಡವದೆ ಬಂತು.

ಕೆಲಸ ಸುಲಭವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಕಿವಿಗೆ ಹಾಕಿಕೊಳ್ಳುವ ಫೋನು ಸಂಜೆಯ ಹೊತ್ತಿಗೆ ತಲೆಯನ್ನು ಇಕ್ಕಳದಂತೆ ಹಿಡಿಯುತ್ತಿತ್ತು. ಕೆಲವರು ನಕ್ಕರು. ಕೆಲವರು ಅವಳಂತೆಯೇ ತೊದಲಿ ಅಣಕಿಸಿದರು. ಒಬ್ಬಾಕೆ ಪಾಪ ಎಂದು ಮರುಗಿ ಯಾವುದೋ ಡಾಕ್ಟರ ವಿಳಾಸ ಕೊಟ್ಟಳು. ಮುತ್ತು ಪ್ರತಿಯೊಬ್ಬರಿಗೂ ನಮಸ್ಕಾರ ಹೇಳಿದಳು, ಪ್ರತಿಯೊಬ್ಬರಿಗೂ ಪಾಲಿಕೆ ಎಂಬ ಪದವನ್ನು ತಳ್ಳಿ ತಳ್ಳಿ ಹೇಳಿದಳು. ಒಂದೊಂದು ದಿನ ಮನೆಗೆ ಬಂದು ಯಾರೊಂದಿಗೂ ಮಾತಾಡದೆ ಮಲಗಿಬಿಡುತ್ತಿದ್ದಳು. ಕನ್ನಡಕದಂಗಡಿಯ ಪರದೆಯ ಹಿಂದಿನ ನೆಮ್ಮದಿ ನೆನಪಾಗುತ್ತಿತ್ತು. ಬೆಳಿಗ್ಗೆ ಎದ್ದು ಮತ್ತೆ ಹೋಗುತ್ತಿದ್ದಳು.

ಒಂದು ದಿನ ಒಬ್ಬ ಗಂಡಸಿನ ಫೋನ್ ಬಂತು. ಹಿಂದಿನ ದಿನ ಮನೆಗೆ ನೀರು ಬರುತ್ತಿಲ್ಲವೆಂದು ಇದೇ ನಂಬರಿಗೆ ಮಾಡಿ, ಮುತ್ತುವಿನ ಹತ್ತಿರವೇ ದೂರು ಬರೆಸಿದ್ದವನು. ಈ ಸಲ ಬೇರೆ ಯಾರೋ ಎತ್ತಿದ್ದಾರೆಂದುಕೊಂಡು, ನಮಸ್ಕಾರ ಮುಗಿಯುವ ಮೊದಲೇ, "ನಾನೊಂದು ದೂರು ಕೊಡಬೇಕು," ಎಂದ.

"ಹೇಳಿ."

"ನಿಮ್ಮಲ್ಲಿ ಒಬ್ಬಳು ತೊದಲಿ ಇದ್ದಾಳಲ್ಲ, ಅವಳ ಮೇಲೆ."

ಅಕ್ಕಪಕ್ಕದವರು ತಮ್ಮ ತಮ್ಮ ಫೋನಿನಲ್ಲಿ ಮುಳುಗಿದ್ದರು. ಬರೆದುಕೊಳ್ಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಇನ್ನೂ ಸುಲಭದ ದಾರಿ, ಒಂದು ಗುಂಡಿ ಒತ್ತಿದರೆ ಲೈನ್ ಹೋಗುತ್ತಿತ್ತು. ಮುತ್ತು ಪೆನ್ನು ತೆಗೆದುಕೊಂಡಳು.

"ಏನು ದೂರು, ಬಿಡಿಸಿ ಹೇಳಿ," ಎಂದಳು. 'ಬಿ'ಯಲ್ಲಿ ತುಟಿ ಅಂಟಿ, ಅಂಟಿಕೊಂಡೇ ಇದ್ದು, ಬಿಟ್ಟಿತು.

ಆ ಕಡೆಯ ದನಿ ಗಕ್ಕನೆ ತಗ್ಗಿತು. "ಅದು... ನೀವೇನಾ?"

"ನಾನೇ. ಹೇಳಿ, ಬರ್ಕೋತಾ ಇದ್ದೀನಿ."

ಅವನು ಅಷ್ಟಕ್ಕೇ ಇಟ್ಟುಬಿಡಬಹುದಿತ್ತು. ಹಟಮಾರಿ, ಇಡಲಿಲ್ಲ. ಹೇಳಿದ. ತುಂಬ ನಿಧಾನ, ನನ್ನ ಸಮಯ ಹಾಳಾಯಿತು, ಇಂಥವರನ್ನು ಯಾಕೆ ಕೂರಿಸುತ್ತೀರಿ ಎಂದ. ಮುತ್ತು ಒಂದು ಅಕ್ಷರ ಬಿಡದೆ ಬರೆದುಕೊಂಡು, ಪೂರ್ತಿ ಓದಿ ಹೇಳಿ, "ಸರಿ ಇದೆಯಾ?" ಎಂದು ಕೇಳಿ, ದೂರಿನ ಸಂಖ್ಯೆ ಕೊಟ್ಟಳು. ಆಮೇಲೆ ಎದ್ದು ಹೋಗಿ ಹಾಳೆಯನ್ನು ಮೇಲ್ವಿಚಾರಕಿಯ ಮುಂದಿಟ್ಟಳು. ಆಕೆ ಓದಿ ತಲೆ ಚಚ್ಚಿಕೊಂಡು, ಬೇರೆ ದಾರಿಯಿಲ್ಲದೆ ಅವಳನ್ನು ಸಾಹೇಬರ ಬಳಿ ಕರೆದೊಯ್ದಳು.

ಸಾಹೇಬರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಿನ್ನ ಮೇಲಿನ ದೂರನ್ನ ನೀನೇ ಬರ್ಕೊಂಡ್ಯಾ?"

"ನನ್ನ ಕೆಲಸ ಅದೇ ಅಲ್ವಾ ಸಾರ್."

"ಈಗ ನಾನೇನು ಮಾಡ್ಲಿ?"

"ದೂರು ನಿಜವಾ ಅಂತ ವಿಚಾರಿಸಿ. ನಿಜ ಆಗಿದ್ರೆ ಕಡತದ ಕೋಣೆಗೆ ಹಾಕಿ. ಆದ್ರೆ ಅಲ್ಲಿಂದಾನೂ ನ್ಯಾಯ ಕೇಳ್ತೀನಿ, ಬಿಡಲ್ಲ."

ಸಾಹೇಬರು ಮೇಲ್ವಿಚಾರಕಿಯಿಂದ ಆ ಮನುಷ್ಯನಿಗೆ ಫೋನ್ ಮಾಡಿಸಿ, ಎಲ್ಲರಿಗೂ ಕೇಳುವಂತೆ ಇಡಿಸಿದರು. ನೀರು ಬಂತಾ ಎಂದು ಆಕೆ ಕೇಳಿದಳು. ನಿನ್ನೆ ಸಂಜೆಯೇ ಬಂತು ಎಂದ. ವಿಳಾಸ ತಪ್ಪಾಗಿತ್ತಾ? ಇಲ್ಲ. ಮರ್ಯಾದೆ ಕೊಡದೆ ಮಾತಾಡಿದಳಾ? ಇಲ್ಲ. "ಮತ್ತೇನು ತೊಂದರೆ?" ಎಂದಾಗ ಅವನು ಗೊಣಗುತ್ತ, "ಏನಿಲ್ಲ, ಆಯಮ್ಮ ನಿಧಾನ, ಅಷ್ಟೆ," ಎಂದ.

ಸಾಹೇಬರು ಬಹಳ ಹೊತ್ತು ಪೆನ್ನು ಆಡಿಸಿದರು. ಅವರಿಗೆ ಕೆಲಸ ಬೇಗ ಮುಗಿಸುವುದು ಇಷ್ಟ, ಆದರೆ ಕಣ್ಣೆದುರಿಗಿನ ಸತ್ಯವನ್ನು ಸುಳ್ಳೆನ್ನುವಷ್ಟು ಕಲ್ಲುಮನಸ್ಸಿನವರಲ್ಲ. ಹಾಳೆಯ ಕೆಳಗೆ 'ದೂರುದಾರರ ಸಮಸ್ಯೆ ಬಗೆಹರಿದಿದೆ, ದೂರು ಮುಕ್ತಾಯ' ಎಂದು ಬರೆದು ರುಜು ಹಾಕಿದರು. ಮುತ್ತು ಕೈ ಚಾಚಿ ಅದನ್ನು ತೆಗೆದುಕೊಂಡಳು. ಧನ್ಯವಾದ ಹೇಳಲಿಲ್ಲ. ಅದು ಉಪಕಾರವೆಂದು ಅವಳಿಗೆ ಅನ್ನಿಸಿರಲಿಲ್ಲ.

ಆ ವಾರದ ರಜೆಯ ದಿನ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ ಅವಳು ಈ ಸಂಗತಿಯನ್ನು ಮನೆಯವರಿಗೆ ಹೇಳತೊಡಗಿದಳು. ಅಮ್ಮ ಬಿಸಿಲಿಗೆ ಕಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದರು. ಅಣ್ಣ ಹಗ್ಗದ ಇನ್ನೊಂದು ತುದಿ ಬಿಗಿಯುತ್ತಿದ್ದ. ಅತ್ತಿಗೆ ಹಿಂಡಿದ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಿದ್ದಳು, ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಕಥೆ ಉದ್ದವಾಗಿತ್ತು. ಮುತ್ತು ಯಾವ ಪದವನ್ನೂ ಬದಲಿಸದೆ, ಆ ಮನುಷ್ಯ ಹೇಳಿದ್ದನ್ನು ಅವನ ದನಿಯಲ್ಲಿ, ಸಾಹೇಬರದನ್ನು ಸಾಹೇಬರ ದನಿಯಲ್ಲಿ ಹೇಳಿದಳು. ಅವಳ ಮಾತು ನಿಂತಾಗೆಲ್ಲ ಅಣ್ಣ ಹಗ್ಗದ ಗಂಟನ್ನೇ ನೋಡುತ್ತ, ಬಿಗಿದದ್ದನ್ನೇ ಮತ್ತೆ ಬಿಗಿಯುತ್ತಿದ್ದ. ಅತ್ತಿಗೆ ಒಂದು ಕೈಯಿಂದ ತನ್ನ ಬಾಯನ್ನೇ ಮುಚ್ಚಿಕೊಂಡಿದ್ದಳು. ಒಂದು ಕಡೆ ಮುತ್ತು ಉಸಿರು ತೆಗೆದುಕೊಳ್ಳಲು ಸ್ವಲ್ಪ ಹೆಚ್ಚೇ ಹೊತ್ತು ನಿಂತಾಗ, ಅತ್ತಿಗೆ ಕೈ ತೆಗೆದು ಆಸೆಯಿಂದ ಕೇಳಿದಳು.

"ಮುಗೀತಾ? ಈಗ ನಾನು ಮಾತಾಡ್ಲಾ?"

"ಇನ್ನೂ ಇದೆ," ಎಂದಳು ಮುತ್ತು.